ಆಂಪ್ಲಿಫೈಯರ್ ಅಂದರೆ ಒಂದು ತೂಬು

ನಾನು ಮೊದಲ ಸಲ ಕೈಯಾರೆ ಕಟ್ಟಿದ ಆಂಪ್ಲಿಫೈಯರ್‌ನಲ್ಲಿ ತಂಬೂರಿಗೆ ಐದನೇ ತಂತಿಯೊಂದು ಸೇರಿಕೊಂಡಿತ್ತು.

ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆ. ರಾತ್ರಿ ಹತ್ತೂವರೆ. ಮಳೆ ಆಗಷ್ಟೇ ನಿಂತಿತ್ತು. ಕಪ್ಪು ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡಿದ ಹಳೆಯ ಖಯಾಲಿನ ರೆಕಾರ್ಡಿಂಗ್ ಹಾಕಿದ್ದೆ. ಗಾಯಕರು ಇನ್ನೂ ಬಾಯಿ ತೆರೆದಿಲ್ಲ, ಬರೀ ತಂಬೂರಿ ನಡೆದಿದೆ. ಪಂಚಮದ ತಂತಿ ಮೀಟಿದಾಗಲೆಲ್ಲ ಸ್ಪೀಕರ್‌ನಿಂದ ವಂವಂವಂ ಎಂದು ನಡುಗುವ ಸದ್ದು. ಷಡ್ಜ ಚೆನ್ನಾಗಿದೆ, ಖರಜ ಚೆನ್ನಾಗಿದೆ, ಪಂಚಮ ಮಾತ್ರ ಅಲುಗಾಡುತ್ತದೆ. ರೆಕಾರ್ಡಿಂಗೇ ಕೆಟ್ಟಿದೆ ಅಂದುಕೊಂಡು ಇಯರ್‌ಫೋನ್ ಹಾಕಿ ಕೇಳಿದೆ. ಅಲ್ಲಿ ಎಲ್ಲ ಸರಿಯಾಗಿತ್ತು.

ಉತ್ತರ ಲೆಕ್ಕದಲ್ಲಿತ್ತು. ಕಪ್ಪು ಒಂದರ ಷಡ್ಜ ಅಂದರೆ ಸುಮಾರು 138.6 ಹರ್ಟ್ಜ್, ಸೆಕೆಂಡಿಗೆ ಅಷ್ಟು ಕಂಪನ. ಅದರ ಕೆಳಗಿನ ಪಂಚಮ ಸುಮಾರು 104. ಮನೆಗೆ ಬರುವ ಕರೆಂಟು 50 ಹರ್ಟ್ಜ್, ಎರಡೂ ಕಡೆ ಆಡುವ ಕರೆಂಟನ್ನು ಒಂದೇ ಕಡೆಗೆ ತಿರುಗಿಸುವ ಡಯೋಡ್ ಬ್ರಿಜ್ ದಾಟಿದ ಮೇಲೆ ಅದರ ಏರಿಳಿತ ಸೆಕೆಂಡಿಗೆ 100. 104 ಮತ್ತು 100 ಒಟ್ಟಿಗೆ ಬಿದ್ದರೆ ಕಿವಿಗೆ ಸೆಕೆಂಡಿಗೆ 4 ಸಲ ಏರಿಳಿಯುವ ನಡುಕ ಕೇಳುತ್ತದೆ. ತಂಬೂರಿ ಶ್ರುತಿ ಮಾಡುವವರು ಇದೇ ನಡುಕವನ್ನು ಕೇಳುತ್ತಾ ತಂತಿ ಬಿಗಿ ಮಾಡುತ್ತಾರೆ, ಅಲ್ವಾ? ನನ್ನ ಡಬ್ಬಿಯೊಳಗೆ ಗೋಡೆಯ ಕರೆಂಟನ್ನು ಹದ ಮಾಡಿ ಕೊಡುವ ಪವರ್ ಸಪ್ಲೈ ಬೇಸುರಿನಲ್ಲಿ ಪಂಚಮ ಹಿಡಿದು ಕೂತಿತ್ತು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಆಂಪ್ಲಿಫೈಯರ್ ಕಟ್ಟುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಯಾವ ಐಸಿ ಹಾಕಲಿ?" ಎಂದು (ಐಸಿ ಅಂದರೆ ಇಡೀ ಸರ್ಕ್ಯೂಟನ್ನು ಒಳಗಿಟ್ಟುಕೊಂಡ ಪುಟ್ಟ ಬಿಲ್ಲೆ). ಎರಡನೆಯದು "ಎಷ್ಟು ವ್ಯಾಟ್?" ಎಂದು. ನಾನೂ ಹಾಗೇ ಶುರು ಮಾಡಿದೆ. ಆದರೆ ಆ ರಾತ್ರಿ ನನ್ನ ಕಿವಿಗೆ ಬಿದ್ದದ್ದು ಐಸಿ ಅಲ್ಲ, ವ್ಯಾಟೂ ಅಲ್ಲ, ಪವರ್ ಸಪ್ಲೈ. ನನಗೆ ಈಗ ಅನ್ನಿಸುವುದು ಇಷ್ಟು: ಒಳ್ಳೆಯ ಆಂಪ್ಲಿಫೈಯರ್‌ನ ಮುಕ್ಕಾಲು ಭಾಗ ಪವರ್ ಸಪ್ಲೈ, ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ) ಮತ್ತು ಶಾಖದಲ್ಲೇ ಇದೆ. ಯಾಕೆ ಎಂದು ತಿಳಿಯಬೇಕಾದರೆ ಆಂಪ್ಲಿಫೈಯರ್ ನಿಜವಾಗಿ ಏನು ಮಾಡುತ್ತದೆ ಎಂದು ನೋಡಬೇಕು.

ಹೆಸರು ಕೇಳಿದರೆ ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡದು ಮಾಡುವ ಯಂತ್ರ ಅನ್ನಿಸುತ್ತದೆ. ಹಾಗಲ್ಲ. ನವಲಗುಂದ, ನರಗುಂದದ ಕಡೆ ಹೊಲ ಇರುವವರು ಮಲಪ್ರಭಾ ಕಾಲುವೆಯ ತೂಬು ನೋಡಿರುತ್ತಾರೆ. ತೂಬಿನ ಹಿಡಿಯನ್ನು ಒಬ್ಬ ಮನುಷ್ಯ ಕೈಯಿಂದ ತಿರುಗಿಸುತ್ತಾನೆ. ಆತನ ಕೈಯ ಬಲ ಎಷ್ಟು, ಆ ಕಡೆ ನುಗ್ಗುವ ನೀರಿನ ಬಲ ಎಷ್ಟು! ಹೊಲಕ್ಕೆ ಹರಿದದ್ದು ಕಾಲುವೆಯ ನೀರು. ಕೈ ಬರೀ ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂದು ಹೇಳಿತು. ಆಂಪ್ಲಿಫೈಯರ್ ಅಂಥದೇ ತೂಬು. ಮೊಬೈಲಿನಿಂದ ಬಂದ ಅರ್ಧ ವೋಲ್ಟಿನ ಸಿಗ್ನಲ್ ಆ ಕೈ. ಟ್ರಾನ್ಸಿಸ್ಟರ್ ಆ ತೂಬಿನ ಬಾಗಿಲು. ಸ್ಪೀಕರ್‌ಗೆ ಹರಿದು ಹೋಗುವುದು ಮಾತ್ರ ಪವರ್ ಸಪ್ಲೈಯ ಕರೆಂಟು. ಸ್ಪೀಕರ್‌ನಲ್ಲಿ ಕೇಳುವ ಪ್ರತಿ ಸ್ವರವೂ ಗೋಡೆಯ ಪ್ಲಗ್ಗಿನಿಂದ ಬಂದ ಕರೆಂಟೇ, ಹಾಡಿನ ಆಕಾರಕ್ಕೆ ಬಗ್ಗಿಸಿದ್ದು. ಕಾಲುವೆಯಲ್ಲಿ ಕೆಸರಿದ್ದರೆ ಹೊಲಕ್ಕೂ ಕೆಸರೇ ಹೋಗುತ್ತದೆ.

ವ್ಯಾಟಿನ ಲೆಕ್ಕ

ಮೊದಲು ಈ ವ್ಯಾಟಿನ ಗೊಂದಲ ಮುಗಿಸೋಣ. ಹಳೆಯ ಟೇಪ್ ರೆಕಾರ್ಡರ್‌ಗಳ ಮೇಲೆ "1000 ವ್ಯಾಟ್ ಪಿಎಂಪಿಒ" ಎಂದು ಬರೆದಿರುತ್ತಿತ್ತು. ಆ ಸಂಖ್ಯೆಗೆ ಯಾವ ಒಪ್ಪಿತ ಅಳತೆಯೂ ಇರಲಿಲ್ಲ. ಇವತ್ತಿಗೂ 4440 ಐಸಿ ಹಾಕಿದ ಬೋರ್ಡಿಗೆ 100 ವ್ಯಾಟ್, 200 ವ್ಯಾಟ್ ಎಂದು ಹೇಳಿ ಮಾರುತ್ತಾರೆ. ನಾವೇ ಲೆಕ್ಕ ಹಾಕಬಹುದು. ಅದು ಕಾರಿನ ಬ್ಯಾಟರಿಯಲ್ಲಿ, ಅಂದರೆ ಸುಮಾರು 13 ವೋಲ್ಟಿನಲ್ಲಿ ನಡೆಯುವ ಐಸಿ. ಒಂದು ಚಾನೆಲ್‌ನ ಔಟ್‌ಪುಟ್ ಮಧ್ಯದಿಂದ ಮೇಲೆ ಆರೂವರೆ ವೋಲ್ಟ್, ಕೆಳಗೆ ಆರೂವರೆ ವೋಲ್ಟ್ ಆಡಬಹುದು, ಅದಕ್ಕಿಂತ ಜಾಸ್ತಿ ಜಾಗ ಇಲ್ಲ. ಆರೂವರೆಯನ್ನು 1.414ರಿಂದ ಭಾಗಿಸಿದರೆ 4.6. ಅದರ ವರ್ಗವನ್ನು ಸ್ಪೀಕರ್‌ನ ತಡೆಯಾದ 4 ಓಮ್‌ನಿಂದ ಭಾಗಿಸಿದರೆ ಐದು ವ್ಯಾಟ್ ಚಿಲ್ಲರೆ. ಎರಡು ಚಾನೆಲ್‌ಗಳನ್ನು ಒಂದೇ ಸ್ಪೀಕರ್‌ನ ಎರಡು ತುದಿಗೆ ಹಚ್ಚಿ ಬ್ರಿಜ್ ಮಾಡಿದರೂ ಇಪ್ಪತ್ತು ವ್ಯಾಟ್ ಮುಟ್ಟುವುದು ಕಷ್ಟ. ಡಬ್ಬಿಯ ಮೇಲೆ ಏನೇ ಬರೆದಿರಲಿ, ವ್ಯಾಟನ್ನು ನಿರ್ಧರಿಸುವುದು ಸಪ್ಲೈಯ ವೋಲ್ಟೇಜ್ ಮತ್ತು ಸ್ಪೀಕರ್‌ನ ಓಮ್.

ಹಾಗಾದರೆ ಮನೆಗೆ ಎಷ್ಟು ಬೇಕು? ಒಂದು ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರ ನಿಂತು ಅಳೆದರೆ 86–88 ಡೆಸಿಬಲ್ ಬರುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುವುದು ಸುಮಾರು 60. ಕೋಣೆಯಲ್ಲಿ ಕೂತು ಹಾಡು ಕೇಳುವಾಗ 75–80 ಆದರೆ ಮನೆಯವರು "ಸಣ್ಣಗ ಮಾಡ" ಅನ್ನುತ್ತಾರೆ. ಅಂದರೆ ಹೆಚ್ಚಿನ ಹೊತ್ತು ನಾವು ಅರ್ಧ ವ್ಯಾಟೂ ಬಳಸುವುದಿಲ್ಲ. ಉಳಿದದ್ದು ಯಾಕೆ ಬೇಕು? ತಬಲಾದ ಪೆಟ್ಟಿಗೆ. ವಿಲಂಬಿತ್ ನಡೆಯುತ್ತಿರುವಾಗ ಒಂದು ಜೋರು ಪೆಟ್ಟು ಸರಾಸರಿ ಸದ್ದಿಗಿಂತ 15 ಡೆಸಿಬಲ್ ಮೇಲೆ ಜಿಗಿದರೆ, ಆ ಕ್ಷಣಕ್ಕೆ ಸುಮಾರು 32 ಪಟ್ಟು ವ್ಯಾಟ್ ಬೇಕು. ಅರ್ಧ ವ್ಯಾಟಿನ 32 ಪಟ್ಟು ಅಂದರೆ 16. ಅದಕ್ಕೇ ಚಾನೆಲ್‌ಗೆ 20 ವ್ಯಾಟ್ ಇದ್ದರೆ ಧಾರವಾಡದ ಸಾಮಾನ್ಯ ಪಡಸಾಲೆಗೆ ಸಾಕೋ ಸಾಕು. 20ರಿಂದ 200 ವ್ಯಾಟಿಗೆ ಹೋದರೂ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಆದಂತೆ ಮಾತ್ರ ಕೇಳುತ್ತದೆ. ಗಣಪತಿ ಹಬ್ಬದ ಪೆಂಡಾಲಿಗೆ ಬೇಕಾದ ಲೆಕ್ಕವೇ ಬೇರೆ, ಅಲ್ಲಿ ಬಯಲು ತುಂಬಬೇಕು.

ಐಸಿ ಸೀಳಿದ ದಿನ

ನಾನು ಆರಿಸಿಕೊಂಡದ್ದು ಟಿಡಿಎ2050 ಎಂಬ ಐದು ಕಾಲಿನ ಐಸಿ. ಮೂವತ್ತು ವ್ಯಾಟಿನ ಆಸುಪಾಸು ಕೊಡುತ್ತದೆ, ಸುತ್ತ ಹಾಕಬೇಕಾದ ಬಿಡಿ ಭಾಗಗಳು ಹತ್ತೂ ಆಗುವುದಿಲ್ಲ. ಹುಬ್ಬಳ್ಳಿ ಪೇಟೆಯಿಂದ 18-0-18ರ, ಅಂದರೆ ನಡುವಿನ ಸೊನ್ನೆಯಿಂದ ಎರಡೂ ಕಡೆ 18 ವೋಲ್ಟ್ ಕೊಡುವ, 3 ಆಂಪಿಯರ್‌ನ ಟ್ರಾನ್ಸ್‌ಫಾರ್ಮರ್ ತಂದೆ. ಐಸಿ ತಡೆಯುವುದು ಪ್ಲಸ್ 25, ಮೈನಸ್ 25 ವೋಲ್ಟ್ ಎಂದು ಓದಿದ್ದೆ. 18 ಅಂದರೆ 25ಕ್ಕಿಂತ ಬಹಳ ಕಡಿಮೆ ಅಲ್ವಾ ಅಂದುಕೊಂಡೆ.

ಸ್ವಿಚ್ ಹಾಕಿದೆ. ಒಂದು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಟಪ್ ಎಂದು ಸದ್ದು. ಐಸಿಯ ಕಪ್ಪು ಮೈ ಮಧ್ಯದಲ್ಲಿ ಸೀಳಿತ್ತು. ಸೀಳಿನಿಂದ ಬೂದು ಹೊಗೆ, ಸುಟ್ಟ ಪ್ಲಾಸ್ಟಿಕ್ಕಿನ ಕಟು ವಾಸನೆ. ಕಿಟಕಿ ತೆರೆದರೂ ಆ ವಾಸನೆ ರಾತ್ರಿಯಿಡೀ ಹೋಗಲಿಲ್ಲ.

ನನಗೆ ಬೆಸುಗೆ ಹಾಕುವುದನ್ನು ಕಲಿಸಿದ ರೇಡಿಯೋ ರಿಪೇರಿಯ ಕಾಕಾ ಅದನ್ನು ಕೈಯಲ್ಲಿ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು. "ತಮ್ಮಾ, ಟ್ರಾನ್ಸ್‌ಫಾರ್ಮರ್ ಮ್ಯಾಲೆ ಬರದಿದ್ದು ಲೋಡ್ ಇದ್ದಾಗಿನ ಲೆಕ್ಕ. ಖಾಲಿ ಇದ್ದಾಗ ಎಷ್ಟ ಬರ್ತೈತಿ ಅಂತ ಮೀಟರ್ ಹಚ್ಚಿ ನೋಡಿದ್ಯೇನು?"

ನೋಡಿರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಎಸಿ 18 ವೋಲ್ಟ್ ಅನ್ನುವುದು ಒಂಥರಾ ಸರಾಸರಿ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ ಸುಮಾರು 25.5. ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯವರೆಗೆ. ಇಷ್ಟಕ್ಕೇ ಐಸಿಯ ಗಡಿ ಮುಟ್ಟಿತು. ಅದರ ಮೇಲೆ, ಲೋಡ್ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಹತ್ತು ಶೇಕಡಾದಷ್ಟು ಜಾಸ್ತಿ ಕೊಡುತ್ತದೆ. 18 ಹೋಗಿ ಹತ್ತಿರ ಹತ್ತಿರ 20 ಆಯಿತು, ಅದರ ತುದಿ 28, ಡಯೋಡಿನಲ್ಲಿ 0.7 ಕಳೆದರೂ 27 ಉಳಿಯಿತು. ಪ್ಲಸ್ 27, ಮೈನಸ್ 27. ಒಟ್ಟು 50 ತಡೆಯುವ ಐಸಿಗೆ ನಾನು 54 ಕೊಟ್ಟಿದ್ದೆ. ರಾತ್ರಿ ಹೊತ್ತು ಲೈನಿನಲ್ಲಿ 230ರ ಬದಲು 245 ಬಂದರೆ ಇನ್ನೂ ಮೂರು ವೋಲ್ಟ್ ಸೇರುತ್ತದೆ.

ನಂತರ ಅದೇ ಜಾಗಕ್ಕೆ ಎಲ್ಎಂ1875 ಹಾಕಿದೆ. ಅದರ ಐದು ಕಾಲುಗಳೂ ಅದೇ ಕ್ರಮದಲ್ಲಿವೆ, ತಡೆಯುವುದು ಒಟ್ಟು 60 ವೋಲ್ಟ್. ಅದು ಇವತ್ತಿಗೂ ನಡೆಯುತ್ತಿದೆ. ನೀವು ಹೊಸದಾಗಿ ಶುರು ಮಾಡುವುದಾದರೆ 15-0-15ರ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಕೆಲವು ವ್ಯಾಟ್ ಕಡಿಮೆ ಬಂದರೆ ಕಿವಿಗೆ ಗೊತ್ತೇ ಆಗುವುದಿಲ್ಲ, ಐಸಿ ನೆಮ್ಮದಿಯಾಗಿ ಬಾಳುತ್ತದೆ. ಐಸಿ ಕೊಳ್ಳುವಾಗ ಇನ್ನೊಂದು ಎಚ್ಚರ: ಹೆಸರಾದ ನಂಬರುಗಳಿಗೆಲ್ಲ ನಕಲಿ ಇವೆ. ಬೇರೆ ಯಾವುದೋ ಸಣ್ಣ ಐಸಿಯ ಮೈ ಉಜ್ಜಿ ಹೊಸ ನಂಬರು ಅಚ್ಚು ಹಾಕಿರುತ್ತಾರೆ. ಬೆಲೆ ತೀರಾ ಅಗ್ಗ ಅನ್ನಿಸಿದರೆ ಬಿಟ್ಟುಬಿಡಿ.

ಇನ್ನು ಕೆಪಾಸಿಟರ್. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರಿಗೆ ವಾರಗಟ್ಟಲೆ ಕಾದವರಿಗೆ ಇದನ್ನು ವಿವರಿಸುವುದು ಸುಲಭ. ನೀರು ಬಂದಾಗ ಟ್ಯಾಂಕು ತುಂಬಿಕೊಳ್ಳಬೇಕು, ಮತ್ತೆ ಬರುವವರೆಗೆ ಅದರಲ್ಲೇ ನಡೆಸಬೇಕು. ಡಯೋಡ್ ಬ್ರಿಜ್‌ನಿಂದ ಕರೆಂಟು ಬರುವುದು ಅಲೆಯ ತುದಿಯ ಹತ್ತಿರ ಮಾತ್ರ, ಸೆಕೆಂಡಿಗೆ 100 ಸಲ, ಪ್ರತಿ ಸಲವೂ ಒಂದು ಚಿಟಿಕೆಯಷ್ಟು ಹೊತ್ತು. ನಡುವಿನ ಹತ್ತು ಮಿಲಿಸೆಕೆಂಡ್ ಕೆಪಾಸಿಟರ್ ಸಂಬಾಳಿಸಬೇಕು. ಆಂಪ್ಲಿಫೈಯರ್ ಒಂದು ಆಂಪಿಯರ್ ಎಳೆಯುತ್ತಿದ್ದರೆ 4700 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಅಷ್ಟರೊಳಗೆ ಎರಡು ವೋಲ್ಟ್ ಇಳಿಯುತ್ತದೆ. 10,000 ಹಾಕಿದರೆ ಒಂದು ವೋಲ್ಟ್. ಇಪ್ಪತ್ತು ವ್ಯಾಟಿನ ಚಾನೆಲ್‌ಗೆ ಪ್ರತಿ ರೈಲಿಗೆ (ಪ್ಲಸ್ ಇಲ್ಲವೇ ಮೈನಸ್ ಸಪ್ಲೈ ತಂತಿಗೆ) 4700 ಸಾಕು, 10,000 ಇದ್ದರೆ ಛಲೋ. ಅದಕ್ಕಿಂತ ದೊಡ್ಡದರ ಹಿಂದೆ ಬೀಳುವುದರಲ್ಲಿ ಲಾಭ ಕಾಣಲಿಲ್ಲ. ಆದರೆ ಅದರ ವೋಲ್ಟೇಜ್ ಮಾತ್ರ ನೋಡಿ ತನ್ನಿ. ರೈಲು 27 ಇದ್ದರೆ 35ರದು ಕನಿಷ್ಠ, 50ರದು ಉತ್ತಮ. ಜತೆಗೆ ಐಸಿಯ ಸಪ್ಲೈ ಕಾಲುಗಳ ಬುಡಕ್ಕೇ 0.1 ಮೈಕ್ರೋಫ್ಯಾರಡ್‌ನ ಸಣ್ಣ ಕೆಪಾಸಿಟರ್‌ಗಳನ್ನು ಹಚ್ಚಬೇಕು. ಮೇಲಿನ ಟ್ಯಾಂಕು ಎಷ್ಟೇ ದೊಡ್ಡದಿರಲಿ, ಥಟ್ಟನೆ ಕೈ ತೊಳೆಯಲು ಬಾಗಿಲ ಬಳಿ ಒಂದು ಚೊಂಬು ನೀರು ಬೇಕು, ಹಾಗೆ. ಅದಿಲ್ಲದಿದ್ದರೆ ಐಸಿ ಕಿವಿಗೆ ಕೇಳದ ಎತ್ತರದಲ್ಲಿ ತಾನೇ ಕೂಗಲು ಶುರು ಮಾಡಿ ಸುಮ್ನೆ ಕಾದು ಕೂರುತ್ತದೆ.

ಎರಡು ಕೈ, ಒಂದು ಹಗ್ಗ

ತೂಬಿನ ಒಳಗೆ ಏನಿದೆ? ಮಜ್ಜಿಗೆ ಕಡೆಯುವ ಹಗ್ಗ ನೆನಪಿಸಿಕೊಳ್ಳಿ. ಒಂದು ಕೈ ಎಳೆಯುತ್ತದೆ, ಇನ್ನೊಂದು ಬಿಡುತ್ತದೆ. ಆಮೇಲೆ ಅದು ಎಳೆಯುತ್ತದೆ, ಇದು ಬಿಡುತ್ತದೆ. ಆಂಪ್ಲಿಫೈಯರ್‌ನ ಕೊನೆಯಲ್ಲಿರುವ ಎರಡು ಟ್ರಾನ್ಸಿಸ್ಟರ್‌ಗಳೂ ಹೀಗೇ. ಒಂದು ಸ್ಪೀಕರ್ ಕೋನನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಆದರೆ ಸಿಲಿಕಾನ್ ಟ್ರಾನ್ಸಿಸ್ಟರ್‌ಗೆ ಸುಮಾರು 0.6 ವೋಲ್ಟ್ ಸಿಗುವವರೆಗೆ ಎಚ್ಚರವೇ ಆಗುವುದಿಲ್ಲ. ಒಂದು ಕೈ ಬಿಟ್ಟಾಗಿದೆ, ಇನ್ನೊಂದು ಕೈಯ ಹಗ್ಗ ಇನ್ನೂ ಸಡಿಲ. ಆ ಒಂದು ಗಳಿಗೆ ಕಡಗೋಲು ನಿಲ್ಲುತ್ತದೆ. ಇದಕ್ಕೆ ಕ್ರಾಸ್ಓವರ್ ಡಿಸ್ಟಾರ್ಷನ್ ಅನ್ನುತ್ತಾರೆ. ಜೋರು ಹಾಡಿನಲ್ಲಿ ಗೊತ್ತಾಗುವುದಿಲ್ಲ. ತಂಬೂರಿ ತಂತಿ ಆರುತ್ತಾ ಹೋಗುವಾಗ, ಸದ್ದು ಸಣ್ಣದಾದಷ್ಟೂ ಒರಟಾಗಿ, ಮರಳು ಬೆರೆತ ಹಾಗೆ ಕೇಳುತ್ತದೆ.

ಪರಿಹಾರ ಸರಳ. ಎರಡೂ ಕೈಯಲ್ಲಿ ಹಗ್ಗ ಸದಾ ಸ್ವಲ್ಪ ಬಿಗಿ ಇರಲಿ. ಸದ್ದು ಇಲ್ಲದಾಗಲೂ ಎರಡೂ ಟ್ರಾನ್ಸಿಸ್ಟರ್‌ಗಳಲ್ಲಿ ಒಂದಿಷ್ಟು ಕರೆಂಟು ಹರಿಯುವಂತೆ ಬಿಡುವುದೇ ಬಯಾಸ್. ಇದು ಕ್ಲಾಸ್ ಎಬಿ. ಎಲ್ಎಂ1875 ಸುಮ್ಮನೆ ಕೂತಾಗಲೂ ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ, 50 ವೋಲ್ಟಿನಲ್ಲಿ ಅದು ಮೂರೂವರೆ ವ್ಯಾಟ್ ಶಾಖ. ಎರಡೂ ಕೈಯನ್ನು ಸದಾ ಪೂರ್ತಿ ಬಿಗಿ ಹಿಡಿದರೆ ಕ್ಲಾಸ್ ಎ. ಸದ್ದು ಬಹಳ ನಯ, ಆದರೆ ಹಾಡು ಇರಲಿ ಬಿಡಲಿ ಒಲೆಯ ಹಾಗೆ ಕಾಯುತ್ತದೆ. ಕ್ಲಾಸ್ ಡಿ ಇನ್ನೊಂದೇ ದಾರಿ. ಬಾಗಿಲನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುವುದು, ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಲ್ಲಿ ಹಾಡನ್ನು ಅಡಗಿಸುವುದು. ಟಿಪಿಎ3116 ಬೋರ್ಡುಗಳು ಈ ಜಾತಿಯವು. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹಚ್ಚಿದರೆ ನಡೆಯುತ್ತವೆ, ಬಿಸಿಯೂ ಕಡಿಮೆ, ಸದ್ದೂ ಚೆನ್ನ. ಹಾಡು ಕೇಳುವುದಷ್ಟೇ ಬೇಕಿದ್ದವರು ಅದನ್ನೇ ತರಲಿ. ಒಳಗೆ ಏನು ನಡೆಯುತ್ತದೆ ಎಂದು ಕಲಿಯಬೇಕು ಅನ್ನುವವರಿಗೆ ಮಾತ್ರ ಕ್ಲಾಸ್ ಎಬಿಯೇ ಸರಿಯಾದ ಶಾಲೆ.

ಬಯಾಸ್ ಹಾಕಿದರೂ ಟ್ರಾನ್ಸಿಸ್ಟರ್ ಪೂರ್ತಿ ಪ್ರಾಮಾಣಿಕವಾಗುವುದಿಲ್ಲ. ಅದನ್ನು ದಾರಿಗೆ ತರುವುದು ಫೀಡ್‌ಬ್ಯಾಕ್. ಗಾಯಕರು ಒಂದು ಕಿವಿಯನ್ನು ತಂಬೂರಿಯ ಕಡೆ ಇಟ್ಟೇ ಹಾಡುತ್ತಾರೆ. ತನ್ನ ದನಿ ಶ್ರುತಿಯಿಂದ ಕೂದಲೆಳೆ ಸರಿದರೆ ಅದೇ ಗಳಿಗೆಯಲ್ಲಿ ತಿದ್ದಿಕೊಳ್ಳುತ್ತಾರೆ. ಆಂಪ್ಲಿಫೈಯರೂ ತನ್ನ ಔಟ್‌ಪುಟ್ಟಿನ ಒಂದು ಸಣ್ಣ ಪಾಲನ್ನು ವಾಪಸ್ ತಂದು, ಬಂದ ಸಿಗ್ನಲ್ ಜತೆ ಹೋಲಿಸಿ, ವ್ಯತ್ಯಾಸವನ್ನು ತಿದ್ದುತ್ತದೆ. 1927ರಲ್ಲಿ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಕೆಲಸಕ್ಕೆ ಹೋಗುವ ದೋಣಿಯಲ್ಲಿ ಕೂತಿದ್ದಾಗ ಈ ಉಪಾಯ ಹೊಳೆದು, ಕೈಯಲ್ಲಿದ್ದ ಪತ್ರಿಕೆಯ ಹಾಳೆಯ ಮೇಲೆಯೇ ಚಿತ್ರ ಬರೆದಿಟ್ಟರು. ದೂರದ ಟೆಲಿಫೋನ್ ಲೈನುಗಳಲ್ಲಿ ಮಾತು ಕೆಡದಂತೆ ಮಾಡುವುದು ಅವರ ಕೆಲಸವಾಗಿತ್ತು.

ನಮ್ಮ ಐಸಿಯಲ್ಲಿ ಇದನ್ನು ಮಾಡುವುದು ಎರಡೇ ರೆಸಿಸ್ಟರ್, ಕರೆಂಟಿಗೆ ತಡೆ ಒಡ್ಡುವ ಬಿಡಿ ಭಾಗಗಳು. 20 ಕಿಲೋಓಮ್ ಒಂದು, 1 ಕಿಲೋಓಮ್ ಒಂದು. ಐಸಿಯನ್ನು ಅದರ ಪಾಡಿಗೆ ಬಿಟ್ಟರೆ ಸಿಗ್ನಲನ್ನು ಮೂವತ್ತು ಸಾವಿರ ಪಟ್ಟು ಹೆಚ್ಚಿಸುತ್ತದೆ, ಅಡ್ಡಾದಿಡ್ಡಿಯಾಗಿ. ಈ ಎರಡು ರೆಸಿಸ್ಟರ್ ಅದನ್ನು ಬರೀ 21 ಪಟ್ಟಿಗೆ ಇಳಿಸುತ್ತವೆ. ಉಳಿದ ಬಲವೆಲ್ಲ ತಪ್ಪು ತಿದ್ದಲು ಖರ್ಚಾಗುತ್ತದೆ. 21 ಪಟ್ಟು ಕಡಿಮೆ ಅನ್ನಿಸಿತೇ? 8 ಓಮ್ ಸ್ಪೀಕರ್‌ನಲ್ಲಿ 20 ವ್ಯಾಟ್ ಅಂದರೆ 12.65 ವೋಲ್ಟ್. ಅದನ್ನು 21ರಿಂದ ಭಾಗಿಸಿ, 0.6 ವೋಲ್ಟ್ ಬಂತು. ಅಷ್ಟನ್ನು ಸಾಧಾರಣ ಮೊಬೈಲೇ ಕೊಡುತ್ತದೆ.

ಸ್ಪೀಕರ್ ಹಚ್ಚುವ ಮೊದಲು

ಶಾಖದ ಬಗ್ಗೆ ಒಂದು ಮಾತು. ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್ ತರುವಾಗ ಜಿಪುಣತನ ಬೇಡ. ಏಪ್ರಿಲ್‌ನಲ್ಲಿ ಗದಗಿನ ಕಡೆ ಕೋಣೆಯೇ 38 ಡಿಗ್ರಿ ಇರುತ್ತದೆ, ಐಸಿ ತಂಪಾಗುವುದು ಆ ಗಾಳಿಯಲ್ಲೇ. ನಾನು ಪಾಲಿಸುವ ನಿಯಮ ಇದು: ಒಂದು ತಾಸು ಕೇಳಿದ ಮೇಲೆ ಹೀಟ್‌ಸಿಂಕಿನ ಮೇಲೆ ಐದು ಎಣಿಸುವವರೆಗೆ ಬೆರಳು ಇಡಲು ಆಗಬೇಕು. ಆಗದಿದ್ದರೆ ಅದು ಚಿಕ್ಕದಾಯಿತು. ಇನ್ನೊಂದು ಮರೆಯಬಾರದ ಸಂಗತಿ, ಈ ಐಸಿಗಳ ಬೆನ್ನಿನ ಲೋಹದ ತಗಡು ಮೈನಸ್ ಸಪ್ಲೈಗೆ ಒಳಗಿನಿಂದಲೇ ಸೇರಿಕೊಂಡಿದೆ. ನೇರವಾಗಿ ಹೀಟ್‌ಸಿಂಕಿಗೆ ಬಿಗಿದು, ಹೀಟ್‌ಸಿಂಕ್ ಡಬ್ಬಿಗೆ ತಾಗಿದರೆ ಮೈನಸ್ ರೈಲು ಗ್ರೌಂಡಿಗೆ ಶಾರ್ಟ್. ನಡುವೆ ಅಭ್ರಕದ ಹಾಳೆ, ಎರಡೂ ಕಡೆ ತೆಳ್ಳಗೆ ಬಿಳಿ ಪೇಸ್ಟ್, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್. ಬಿಗಿದ ಮೇಲೆ ಮೀಟರ್ ಹಚ್ಚಿ ತಗಡಿಗೂ ಹೀಟ್‌ಸಿಂಕಿಗೂ ಸಂಬಂಧ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಮೊದಲ ಸಲ ಕರೆಂಟು ಕೊಡುವಾಗ ಕಾಕಾ ಹೇಳಿದ್ದು: "ಸೀರೀಸ್ ಬಲ್ಬಿನ್ಯಾಗ ಹಚ್ಚು. ಬಲ್ಬ್ ಹತ್ತೇ ಇದ್ರ ಕೈ ತಗಿ." ಹಳೆಯ ರಿಪೇರಿ ಅಂಗಡಿಗಳಲ್ಲಿ ಈ ಸೀರೀಸ್ ಬೋರ್ಡ್ ಇದ್ದೇ ಇರುತ್ತಿತ್ತು. 60 ವ್ಯಾಟಿನ ಬಲ್ಬಿನ ಮೂಲಕ ಆಂಪ್ಲಿಫೈಯರ್‌ಗೆ ಕರೆಂಟು ಹೋಗುವಂತೆ ಹಚ್ಚುವುದು. ತಂತಿ ತಣ್ಣಗಿರುವಾಗ ಬಲ್ಬಿನ ರೆಸಿಸ್ಟೆನ್ಸ್ ಬಹಳ ಕಡಿಮೆ. ಎಲ್ಲ ಸರಿ ಇದ್ದರೆ ಕೆಪಾಸಿಟರ್ ತುಂಬುವಾಗ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ, ಆಂಪ್ಲಿಫೈಯರ್ ನಡೆಯುತ್ತದೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ತಂತಿ ಕಾದು ರೆಸಿಸ್ಟೆನ್ಸ್ ಸುಮಾರು 880 ಓಮ್‌ಗೆ ಏರುತ್ತದೆ, ಬಲ್ಬು ಧಗಧಗ ಉರಿಯುತ್ತದೆ, ಐಸಿ ಉಳಿಯುತ್ತದೆ. ಇದಕ್ಕೆ ಹಳೆಯ ಕಾಲದ ತಂತಿ ಬಲ್ಬೇ ಬೇಕು, ಎಲ್ಇಡಿ ನಡೆಯುವುದಿಲ್ಲ. ಒಂದೆರಡು ಸಿಕ್ಕರೆ ಕೊಂಡು ಎತ್ತಿಡಿ. ಬಲ್ಬು ವೋಲ್ಟೇಜ್ ಜಾಸ್ತಿಯಾದ ತಪ್ಪನ್ನು ಹಿಡಿಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಅದನ್ನು ಐಸಿ ಹಾಕುವ ಮೊದಲೇ ಸಪ್ಲೈಗೆ ಮೀಟರ್ ಹಚ್ಚಿ ನೋಡಬೇಕು.

ಬಲ್ಬು ಮಂಕಾದ ಮೇಲೂ ಸ್ಪೀಕರ್ ಹಚ್ಚಬೇಡಿ. ಮೀಟರನ್ನು ಡಿಸಿಗೆ ಇಟ್ಟು ಔಟ್‌ಪುಟ್ ನೋಡಿ. 50 ಮಿಲಿವೋಲ್ಟಿನ ಒಳಗಿದ್ದರೆ ಸರಿ. ನನ್ನದು ಒಂದು ಚಾನೆಲ್‌ನಲ್ಲಿ 11, ಇನ್ನೊಂದರಲ್ಲಿ 7 ತೋರಿಸಿತು. ಇದು ಯಾಕೆ ಮುಖ್ಯ? ಡಿಸಿ ಸದ್ದು ಮಾಡುವುದಿಲ್ಲ, ಕೋನನ್ನು ಒಂದು ಕಡೆ ತಳ್ಳಿ ಹಿಡಿದು ಕಾಯಿಲನ್ನು ಕಾಯಿಸುತ್ತದೆ ಅಷ್ಟೇ. ಐಸಿ ಕೆಟ್ಟು 25 ವೋಲ್ಟೂ ಔಟ್‌ಪುಟ್ಟಿಗೆ ಬಂತು ಅಂದುಕೊಳ್ಳಿ. 8 ಓಮ್ ಸ್ಪೀಕರ್‌ನ ಕಾಯಿಲ್ ಡಿಸಿಗೆ ಸುಮಾರು 6 ಓಮ್. 25ರ ವರ್ಗ 625, ಆರರಿಂದ ಭಾಗಿಸಿದರೆ 104 ವ್ಯಾಟ್. ಅಷ್ಟೂ ಶಾಖ ಕೂದಲಿನಂಥ ತಂತಿಯ ಮೇಲೆ. ಕೆಲವೇ ಸೆಕೆಂಡುಗಳಲ್ಲಿ ವೂಫರ್ ಸುಟ್ಟಿರುತ್ತದೆ. ಮೊದಲ ಪರೀಕ್ಷೆಗೆ ನಾನು ಈಗಲೂ ಕೆಟ್ಟ ಟಿವಿಯಿಂದ ಬಿಚ್ಚಿದ ಹಳೆಯ ಸ್ಪೀಕರನ್ನೇ ಹಚ್ಚುತ್ತೇನೆ.

230 ವೋಲ್ಟಿನ ಕಡೆಯ ಕೆಲಸ ಬೇರೆಯೇ ಮಾತು. ಅಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಮೂರು ಪಿನ್ನಿನ ವೈರ್ ಹಾಕಿ, ಅದರ ಅರ್ಥ್ ತಂತಿಯನ್ನು ಲೋಹದ ಡಬ್ಬಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಟ್ರಾನ್ಸ್‌ಫಾರ್ಮರ್‌ಗಿಂತ ಮೊದಲು 1 ಆಂಪಿಯರ್‌ನ ಫ್ಯೂಸ್ ಇರಲಿ. ಬೆಸುಗೆ ಹಾಕಿದ ಪ್ರತಿ ಜೋಡಣೆಗೂ ಸ್ಲೀವ್ ಹಾಕಿ. ಪ್ಲಗ್ ಕಿತ್ತು ಗೋಡೆಯಿಂದ ಹೊರಗೆ ಇಟ್ಟ ಮೇಲೆಯೇ ಒಳಗೆ ಕೈ ಹಾಕಿ.

ಮತ್ತೆ ಆ ಐದನೇ ತಂತಿ

ಈಗ ಪಂಚಮವನ್ನು ಅಲುಗಾಡಿಸಿದ ಆ 100 ಹರ್ಟ್ಜ್ ಗುಂಯ್‌ಗೆ ಬರೋಣ. ಕೆಪಾಸಿಟರ್ ಸಾಲದು ಅಂದುಕೊಂಡು ಇನ್ನೆರಡು ಹಚ್ಚಿದೆ. ಗುಂಯ್ ಕಡಿಮೆಯಾಗಲಿಲ್ಲ, ಒಂದಿಷ್ಟು ಚುಚ್ಚುವ ಹಾಗೆ ಆಯಿತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ ಇತ್ತು. ಅಂದರೆ ಅದು ಮೊಬೈಲಿನಿಂದಾಗಲಿ ಇನ್‌ಪುಟ್ ವೈರಿನಿಂದಾಗಲಿ ಬರುತ್ತಿರಲಿಲ್ಲ. ವಾಲ್ಯೂಮಿನ ಈಚೆಗೆ, ಬೋರ್ಡಿನಲ್ಲೇ ಹುಟ್ಟುತ್ತಿತ್ತು.

ಎರಡು ವಾರ ಹುಡುಕಿದ ಮೇಲೆ ಸಿಕ್ಕಿದ್ದು ಬೆರಳಿನಷ್ಟು ಉದ್ದದ ಒಂದು ತಂತಿ. ಪ್ಲಸ್ ರೈಲಿನ ಕೆಪಾಸಿಟರನ್ನೂ ಮೈನಸ್ ರೈಲಿನ ಕೆಪಾಸಿಟರನ್ನೂ ನಡುವೆ ಜೋಡಿಸುವ ತಂತಿ. ಅದನ್ನು ನಾವು ಗ್ರೌಂಡ್ ಅನ್ನುತ್ತೇವೆ, ಸೊನ್ನೆ ವೋಲ್ಟ್ ಅಂದುಕೊಳ್ಳುತ್ತೇವೆ. ಆದರೆ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಸೆಕೆಂಡಿಗೆ 100 ಸಲ ಆ ಕರೆಂಟಿನ ಹೊಡೆತವೆಲ್ಲ ಹಾದುಹೋಗುವುದು ಅದೇ ತಂತಿಯಲ್ಲಿ. ನಾನು ಅದರ ಒಂದು ತುದಿಗೆ ಇನ್‌ಪುಟ್ಟಿನ ಗ್ರೌಂಡ್ ಬೆಸೆದಿದ್ದೆ, ಇನ್ನೊಂದು ತುದಿಗೆ ಫೀಡ್‌ಬ್ಯಾಕ್ ರೆಸಿಸ್ಟರ್‌ನ ಗ್ರೌಂಡ್. ಐದು ಸೆಂಟಿಮೀಟರ್ ತೆಳು ತಂತಿಯ ರೆಸಿಸ್ಟೆನ್ಸ್ ನಾಲ್ಕು ಮಿಲಿಓಮ್ ಅಂದುಕೊಳ್ಳಿ. ಒಂದು ಆಂಪಿಯರ್‌ನ ಹೊಡೆತಕ್ಕೆ ಅದರ ಎರಡು ತುದಿಗಳ ನಡುವೆ ನಾಲ್ಕು ಮಿಲಿವೋಲ್ಟ್. ಐಸಿಯ ದೃಷ್ಟಿಯಲ್ಲಿ ಅದೂ ಸಿಗ್ನಲೇ. ನಿಷ್ಠೆಯಿಂದ 21 ಪಟ್ಟು ಮಾಡಿ 84 ಮಿಲಿವೋಲ್ಟನ್ನು ಸ್ಪೀಕರ್‌ಗೆ ಕಳಿಸುತ್ತಿತ್ತು. ರಾತ್ರಿ ಹೊತ್ತು ಶಾಂತ ಕೋಣೆಯಲ್ಲಿ ಅಷ್ಟು ಸಾಕು, ಕೋಣೆ ತುಂಬ ಕೇಳುತ್ತದೆ. ಕೆಪಾಸಿಟರ್ ದೊಡ್ಡದಾದಾಗ ತುಂಬುವ ಹೊಡೆತ ಇನ್ನೂ ಚೂಪಾಯಿತು, ಅದಕ್ಕೇ ಗುಂಯ್ ಚುಚ್ಚತೊಡಗಿತು.

ಸರಿಪಡಿಸಲು ಹೊಸ ಭಾಗ ಒಂದೂ ಬೇಕಾಗಲಿಲ್ಲ. ಕೆಪಾಸಿಟರ್‌ಗಳ ನಡುವಿನ ತಂತಿಯ ಮಧ್ಯದಿಂದ ಒಂದು ದಪ್ಪ ತಂತಿ ಹೊರಗೆ ತೆಗೆದು ಒಂದು ಹಿತ್ತಾಳೆ ಬೋಲ್ಟಿಗೆ ತಂದೆ. ಇನ್‌ಪುಟ್, ಫೀಡ್‌ಬ್ಯಾಕ್, ಸ್ಪೀಕರ್, ಎಲ್ಲದರ ಗ್ರೌಂಡೂ ಬೇರೆ ಬೇರೆ ತಂತಿಯಲ್ಲಿ ಬಂದು ಆ ಒಂದೇ ಬೋಲ್ಟಿನ ಮೇಲೆ ಸೇರುವಂತೆ ಮಾಡಿದೆ. ತುಂಬುವ ಕರೆಂಟು ತನ್ನ ದಾರಿಯಲ್ಲಿ ತಾನು ಓಡಾಡಿಕೊಂಡಿರುತ್ತದೆ, ಬೋಲ್ಟಿನ ಕಡೆ ಬರುವುದಿಲ್ಲ. ಸ್ಟಾರ್ ಗ್ರೌಂಡ್ ಅನ್ನುವುದು ಇದಕ್ಕೇ. ಸ್ವಿಚ್ ಹಾಕಿದೆ. ಆಂಪ್ಲಿಫೈಯರ್ ನಡೆಯುತ್ತಿದೆಯೋ ಇಲ್ಲವೋ ತಿಳಿಯದೆ ಸ್ಪೀಕರ್‌ಗೆ ಕಿವಿ ಹಚ್ಚಿದೆ. ಸಣ್ಣ ಸುಯ್ ಬಿಟ್ಟರೆ ಏನೂ ಇಲ್ಲ. ಅದೇ ರೆಕಾರ್ಡಿಂಗ್ ಹಾಕಿದೆ. ಪಂಚಮದ ತಂತಿ ಮೀಟಿತು, ಅಲುಗಾಡದೆ ನಿಂತಿತು.

ಈ ಊರಿನಲ್ಲಿ ಅದು ಸಣ್ಣ ವಿಷಯವಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಬಾಳಿದ ಊರು. ಪಕ್ಕದ ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ ಅವರದು. 1950ರಿಂದ ಇಲ್ಲಿ ಆಕಾಶವಾಣಿ ಇದೆ, ಬೆಳಗಿನ ರಾಗ ರೇಡಿಯೋದಲ್ಲಿ ಕೇಳಿಯೇ ಎಷ್ಟೋ ಮನೆಯವರ ಕಿವಿ ಹದವಾಗಿದೆ. ಇಲ್ಲಿ ಆಂಪ್ಲಿಫೈಯರ್ ಪರೀಕ್ಷೆ ಮಾಡುವವರು ಬೇಸ್ ಎಷ್ಟು ಗುದ್ದುತ್ತದೆ ಎಂದು ನೋಡುವ ಮೊದಲು ಒಂದು ನಿಮಿಷ ಬರೀ ತಂಬೂರಿ ಕೇಳಬೇಕು ಎಂಬುದು ನನ್ನ ಆಸೆ. ಗುಂಯ್ ಇದ್ದರೂ ಗೊತ್ತಾಗುತ್ತದೆ, ಮರಳಿದ್ದರೂ ಗೊತ್ತಾಗುತ್ತದೆ.

ಆಕಾಶವಾಣಿ ಅಂದಾಗ ನೆನಪಾಯಿತು. ಗುಂಯ್ ಹೋದ ಮೇಲೆ ಇನ್‌ಪುಟ್ ವೈರನ್ನು ಸುಮ್ನೆ ನೇತು ಬಿಟ್ಟಾಗ ಸ್ಪೀಕರ್‌ನಲ್ಲಿ ಯಾರೋ ಸಣ್ಣಗೆ ವಾರ್ತೆ ಓದುತ್ತಿದ್ದರು. 765 ಕಿಲೋಹರ್ಟ್ಜ್‌ನ ಧಾರವಾಡ ಕೇಂದ್ರವೇ. ವೈರು ಆಂಟೆನಾ ಆಗಿತ್ತು, ಐಸಿಯೊಳಗಿನ ಮೊದಲ ಟ್ರಾನ್ಸಿಸ್ಟರ್ ಹಳೆಯ ಕ್ರಿಸ್ಟಲ್ ರೇಡಿಯೋದ ಡಯೋಡಿನ ಕೆಲಸ ಮಾಡಿ ಅಲೆಯಿಂದ ಮಾತನ್ನು ಬಿಡಿಸುತ್ತಿತ್ತು. ಇನ್‌ಪುಟ್ಟಿನಲ್ಲಿ 1 ಕಿಲೋಓಮ್ ರೆಸಿಸ್ಟರ್, ಅದರ ಮುಂದೆ ಗ್ರೌಂಡಿಗೆ 102 ಎಂದು ಬರೆದ ಪುಟ್ಟ ಸೆರಾಮಿಕ್ ಕೆಪಾಸಿಟರ್, ಅಂದರೆ 1000 ಪಿಕೋಫ್ಯಾರಡ್. ಹಾಡಿಗೆ ಏನೂ ಆಗುವುದಿಲ್ಲ, ರೇಡಿಯೋ ಅಲೆ ಅಲ್ಲೇ ಗ್ರೌಂಡಿಗೆ ಇಳಿದುಹೋಗುತ್ತದೆ. ಶೀಲ್ಡ್ ವೈರ್ ಹಾಕಿದ ಮೇಲೆ ಪೂರ್ತಿ ನಿಂತಿತು.

ಕೊನೆಗೆ ಒಂದು ತೊಂದರೆ ಉಳಿದಿತ್ತು. ಮೊಬೈಲ್ ಹಚ್ಚಿದರೆ ಶಾಂತ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೂ ಶಾಂತ. ಅದಕ್ಕೆ ಚಾರ್ಜರ್ ಹಚ್ಚಿದ ಕೂಡಲೇ ಗುಂಯ್ ವಾಪಸ್. ಚಾರ್ಜರ್‌ನ ಮೂರನೇ ಪಿನ್ ಒಂದು ಕಡೆ ಅರ್ಥ್ ಮುಟ್ಟಿತ್ತು, ಆಂಪ್ಲಿಫೈಯರ್‌ನ ಮೂರನೇ ಪಿನ್ ಕೋಣೆಯ ಇನ್ನೊಂದು ಗೋಡೆಯಲ್ಲಿ ಅರ್ಥ್ ಮುಟ್ಟಿತ್ತು, ನಡುವೆ ಆಡಿಯೋ ವೈರ್ ಸೇರಿ ಇಡೀ ಕೋಣೆ ಸುತ್ತುವ ಒಂದು ಬಳೆ ಆಗಿತ್ತು. ಗೋಡೆಯೊಳಗಿನ ವೈರಿಂಗ್ ಆ ಬಳೆಯಲ್ಲಿ 50 ಹರ್ಟ್ಜ್ ಕರೆಂಟು ಹುಟ್ಟಿಸುತ್ತಿತ್ತು. ಇಂಥ ಕಡೆ ಕೆಲವರು ಆಂಪ್ಲಿಫೈಯರ್‌ನ ಅರ್ಥ್ ಪಿನ್ನನ್ನೇ ಮುರಿದು ಹಾಕುತ್ತಾರೆ. ಗುಂಯ್ ನಿಲ್ಲುತ್ತದೆ ನಿಜ, ಆದರೆ ಟ್ರಾನ್ಸ್‌ಫಾರ್ಮರ್ ಒಳಗೆ ಒಂದು ದಿನ ಇನ್ಸುಲೇಷನ್ ಹೋದರೆ ಡಬ್ಬಿ ಮುಟ್ಟಿದವರ ಕೈಗೇ 230 ವೋಲ್ಟ್ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಎರಡೂ ಪ್ಲಗ್ಗನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆ, ಕೋಣೆಯಷ್ಟು ಅಗಲದ ಬಳೆ ಒಂದು ಮೊಳಕ್ಕೆ ಇಳಿಯಿತು. ಉಳಿದ ಚೂರು ಗುಂಯ್‌ಗೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಬೆಂಕಿಪೊಟ್ಟಣದಷ್ಟೇ ದೊಡ್ಡದು, ಲ್ಯಾಪ್‌ಟಾಪಿಗೂ ಆಂಪ್ಲಿಫೈಯರ್‌ಗೂ ನಡುವೆ ತಂತಿಯ ಸಂಬಂಧವನ್ನೇ ಕಡಿದು ಬರೀ ಹಾಡನ್ನು ದಾಟಿಸುತ್ತದೆ.